ಸೋರೆಬುರುಡೆ ಕಟ್ಟಿಕೊಂಡು ಗಂಡು ನೋಡಿದ್ದು

ಮುಳಬಾಗಿಲಿನ ನಮ್ಮ ಮನೆಯ ನಡುಮನೆಯಲ್ಲಿ ದೇವರ ಪಟ, ಕ್ಯಾಲೆಂಡರು, ಗಡಿಯಾರಗಳ ಸಾಲಿನಲ್ಲೇ ಒಂದು ಒಣಗಿದ ಸೋರೆಬುರುಡೆ ಮೊಳೆಗೆ ನೇತುಬಿದ್ದಿದೆ. ಬಂದವರು ಕಾಫಿ ಕುಡಿಯುತ್ತಾ ಅದನ್ನು ನೋಡಿಯೂ ನೋಡದ ಹಾಗೆ ಮಾಡಿ, ಲೋಟ ಕೆಳಗಿಡುವ ಹೊತ್ತಿಗೆ ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾರೆ. ಒಬ್ಬರಿಗೆ ದೃಷ್ಟಿ ತಾಕದಿರಲಿ ಅಂತ ಕಟ್ಟಿದ್ದು ಅಂದರೆ, ಇನ್ನೊಬ್ಬರಿಗೆ ತಂಬೂರಿ ಮಾಡಿಸಬೇಕು ಅಂತ ಇಟ್ಟಿದ್ದೇವೆ ಅನ್ನುತ್ತಾರೆ. ಬಿತ್ತನೆ ಬೀಜಕ್ಕೆ ಅಂದದ್ದನ್ನೂ ಕೇಳಿದ್ದೇನೆ. ನಾನು ಅಡುಗೆಮನೆಯಿಂದಲೇ ಕೇಳಿಸಿಕೊಂಡು ಸುಮ್ಮನಿರುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆದರೆ ನೀವು ನಂಬುತ್ತೀರೋ ಇಲ್ಲವೋ ಎಂಬ ಅನುಮಾನ ಈಗಲೇ ಶುರುವಾಗಿದೆ.

ಅನುಮಾನ ನಮ್ಮ ತೌರುಮನೆಯ ಆಸ್ತಿ. ಶ್ರೀನಿವಾಸಪುರದ ಮಾವಿನ ತೋಪಿನವರು ನಾವು. ಹಣ್ಣನ್ನು ತೊಟ್ಟಿನ ಹತ್ತಿರ ಒತ್ತಿ, ಮೂಸಿ, ಬೆಳಕಿಗೆ ತಿರುಗಿಸಿ ನೋಡದೆ ಬಾಯಿಗಿಡುವ ಪದ್ಧತಿಯೇ ಇರಲಿಲ್ಲ, ಅದೂ ನಮ್ಮದೇ ಮರದ ಹಣ್ಣನ್ನು. ಹಾಲಿನವಳು ಹಾಲು ಅಳೆಯುವಾಗ ಅತ್ತೆ ಒಂದು ತೊಟ್ಟನ್ನು ಉಗುರಿನ ಮೇಲೆ ಬಿಟ್ಟುಕೊಂಡು ಅದು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಿದ್ದಳು. ಹಾಲಿನವಳೂ ನಮ್ಮ ಮನೆಯ ಬಾಗಿಲಿಗೆ ಬಂದ ಕೂಡಲೇ ತಾನಾಗಿ ಬೆರಳು ಅದ್ದಿ ತೋರಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ನಾನು ಆಗ ಪ್ರೈಮರಿ ಶಾಲೆಯಲ್ಲಿ ಮೇಡಂ. ಮಕ್ಕಳು ಮಗ್ಗಿ ಸರಿಯಾಗಿ ಒಪ್ಪಿಸಿದರೆ ಎಲ್ಲಿ ನೋಡಿಕೊಂಡು ಹೇಳಿದರೋ ಎಂದು ಅವರ ಅಂಗೈ ಬಿಚ್ಚಿಸುತ್ತಿದ್ದೆ. ಇಂಥ ಮನೆಗೆ ಗಂಡು ಗೊತ್ತು ಮಾಡುವುದು ಎಷ್ಟು ಸಲೀಸು ಎಂಬುದನ್ನು ನೀವೇ ಊಹಿಸಿ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ವೆಂಕಟಲಕ್ಷ್ಮಮ್ಮ. ಅವಳ ಅನುಮಾನಕ್ಕೆ ಮಾತ್ರ ಸರಿಯಾದ ಕಾರಣವಿತ್ತು. ಅವಳನ್ನು ಮಾಲೂರಿನ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ನಮ್ಮ ತಾತ ಗಂಡು ನೋಡಲು ಹೋದ ವರ್ಷ ಆ ಊರಿನ ಕೆರೆ ಕೋಡಿ ಹರಿದಿತ್ತಂತೆ. ಗಂಡಿನ ಕಡೆಯವರು ತಾತನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಕೆಳಗೆ ಹಸಿರಾಗಿ ತೂಗುತ್ತಿದ್ದ ಗದ್ದೆಯನ್ನು ತೋರಿಸಿ, ‘ಎಲ್ಲಾ ನಮ್ದೇ’ ಅಂದರಂತೆ. ಸುಳ್ಳೇನಲ್ಲ. ಮರುವರ್ಷ ಕೆರೆಗೆ ನೀರು ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ, ಗದ್ದೆಯಲ್ಲಿ ಜಾಲಿ ಬೆಳೆಯಿತು. ಗಂಡನೂ ಆ ಗದ್ದೆಯ ಹಾಗೆಯೇ ಇದ್ದ. ಮನೆ ತುಂಬಿರುವಾಗ ಮನುಷ್ಯ, ಬರಿದಾದಾಗ ಅತ್ತೆಯ ಮೇಲೆ ಕೈ ಮಾಡುತ್ತಿದ್ದ. ಒಂದು ದಿನ ಅತ್ತೆ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿ ನಮ್ಮ ಮನೆಗೆ ಬಂದವಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ‘ಕೆರೆ ತುಂಬಿದಾಗ ಗಂಡು ನೋಡಬಾರದು’ ಎನ್ನುವುದು ಅವಳು ಕಟ್ಟಿದ ಗಾದೆ. ನನಗೆ ಬಂದ ಸಂಬಂಧಗಳನ್ನೆಲ್ಲ ಅವಳು ಇದೇ ಗಾದೆಯಿಂದ ವಾಪಸು ಕಳಿಸಿದ್ದಳು. ನನಗೂ ಒಳಗೊಳಗೆ ಅದೇ ಭಯ. ಅತ್ತೆಯ ಬೆನ್ನಿನ ಮೇಲಿನ ಕಲೆಗಳನ್ನು ಎಣ್ಣೆ ಹಚ್ಚುವಾಗ ನೋಡಿದವಳು ನಾನು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಟೇಕಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಮುನಿರಾಜು, ಬಿಎಸ್ಸಿ ಓದಿದ್ದ. ಕೆಲಸ ಮಾತ್ರ ನಮ್ಮ ಕಡೆ ಯಾರೂ ಕೇಳರಿಯದ್ದು. ಘಟ್ಟದ ದಟ್ಟ ಕಾಡಿನೊಳಗೆ, ಒಂದು ಅಣೆಕಟ್ಟಿನ ಹಿನ್ನೀರಿನಾಚೆ, ದೋಣಿಯಲ್ಲೇ ಹೋಗಬೇಕಾದ ಒಂದು ಬಂಗಲೆ. ಅಲ್ಲಿಗೆ ಬರುವವರನ್ನು ದೋಣಿಯಲ್ಲಿ ಕರೆದೊಯ್ದು, ಮೂರು ದಿನ ಕಾಡು ಸುತ್ತಿಸಿ, ಆನೆ ಹಕ್ಕಿ ತೋರಿಸಿ, ಮತ್ತೆ ದಡಕ್ಕೆ ಬಿಡುವುದು ಅವನ ಕೆಲಸ. ಅಪ್ಪ ಕೇಳಿ, ‘ಕಾಡಲ್ಲಿ ದಾರಿ ತೋರಿಸೋಕೂ ಸಂಬಳ ಕೊಡ್ತಾರಾ?’ ಅಂದರು.

ಹೆಣ್ಣು ಕೊಡುವ ಮುಂಚೆ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಒಂದು ಶಾಸ್ತ್ರವೇ. ಹಸು ಕೊಳ್ಳುವ ನೆಪದಲ್ಲೋ, ರೇಷ್ಮೆಗೂಡಿನ ವ್ಯಾಪಾರ ಅಂತಲೋ ಒಬ್ಬರನ್ನು ಹುಡುಗನ ಊರಿಗೆ ಅಟ್ಟುವುದು. ಅವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಸಿಕೊಂಡು ಬರುವಷ್ಟರಲ್ಲಿ ಹುಡುಗನ ಬೀಡಿ, ಇಸ್ಪೀಟು, ಸಿಟ್ಟು ಎಲ್ಲ ಬಯಲಾಗಿರುತ್ತಿತ್ತು. ಟೇಕಲ್ಲಿಗೂ ಹಾಗೇ ಒಬ್ಬರು ಹೋಗಿಬಂದರು. ‘ಬಂಗಾರದಂಥ ಹುಡುಗ ಅಂತ ಊರೆಲ್ಲ ಹೇಳ್ತದೆ’ ಅಂದರು. ಅಷ್ಟಕ್ಕೇ ಅತ್ತೆಯ ಹುಬ್ಬು ಮೇಲೇರಿತು.

‘ಊರೆಲ್ಲ ಒಂದೇ ಮಾತು ಹೇಳಿದ್ರೆ ಅದ್ರಲ್ಲೇನೋ ಅದೆ ಕಣೇ. ಒಬ್ಬರಾದ್ರೂ ಒಂದು ಕೊಂಕು ಹೇಳಬೇಕಾಗಿತ್ತು. ಆ ಕಾಡಲ್ಲಿ ಏನು ಮಾಡ್ಕೊಂಡವ್ನೋ ಯಾರು ಕಂಡವ್ರೆ? ಅಲ್ಲಿ ಯಾರನ್ನ ವಿಚಾರಿಸ್ತೀಯ, ಕೋತಿಗಳನ್ನಾ?’

ಹೀಗಾಗಿ ಅತ್ತೆಯೂ ನಾನೂ ಪ್ರವಾಸಿಗಳಾದೆವು. ಬೆಂಗಳೂರಿನಿಂದ ಒಂದು ತಂಡ ಹೊರಡುವುದನ್ನು ಅಪ್ಪ ಯಾರಿಂದಲೋ ತಿಳಿದು, ಅದರಲ್ಲಿ ನಮ್ಮಿಬ್ಬರನ್ನೂ ಸೇರಿಸಿದರು. ಹುಡುಗನ ಫೋಟೋ ನಮ್ಮ ಹತ್ತಿರವಿತ್ತು, ನನ್ನ ಫೋಟೋ ಅವರಿಗೆ ಇನ್ನೂ ಕೊಟ್ಟಿರಲಿಲ್ಲ. ಅಕ್ಕಪಕ್ಕದವರಿಗೆ ಏನು ಹೇಳುವುದೆಂಬ ಪ್ರಶ್ನೆ ಬಂತು. ತಿರುಪತಿ ಅಂದರೆ ಲಡ್ಡು ಕೇಳುತ್ತಾರೆ ಎಂದು ಅತ್ತೆ ಬೇಡವೆಂದಳು. ಕೊನೆಗೆ ಯಾವುದೋ ದೂರದ ನೆಂಟರ ಮನೆಯ ತಿಥಿ ಅಂತ ಹೇಳಿ, ಯಾರೂ ಹೆಚ್ಚು ಕೇಳದ ಹಾಗೆ ಮಾಡಿದೆವು.

ಅತ್ತೆಯ ಸಾಮಾನು ಕಟ್ಟುವ ಕ್ರಮವನ್ನು ಸ್ವಲ್ಪ ಹೇಳಲೇಬೇಕು. ಬಂಗಲೆಯ ಊಟ ನಂಬುವ ಹಾಗಿಲ್ಲ ಎಂದು ಹುರಿಹಿಟ್ಟು, ಬೆಲ್ಲ, ಉಪ್ಪಿನಕಾಯಿ. ನೀರು ನಂಬುವ ಹಾಗಿಲ್ಲ ಎಂದು ಕೂಜ. ಹಣ್ಣಿಗೆ ನಮ್ಮ ತೋಪಿನ ಬಾದಾಮಿ ಮಾವು, ಹುಲ್ಲಿನಲ್ಲಿ ಮುಚ್ಚಿ ಒಂದು ಬುಟ್ಟಿ, ಮೇಲೆ ಹಳೆಯ ಸೀರೆ. ದೋಣಿಯನ್ನು ನಂಬುವ ಪ್ರಶ್ನೆಯೇ ಇಲ್ಲವಾದ್ದರಿಂದ ಎರಡು ಸೋರೆಬುರುಡೆ. ನಮ್ಮ ಕಡೆ ತೋಡುಬಾವಿಯಲ್ಲಿ ಈಜು ಕಲಿಯುವವರ ಸೊಂಟಕ್ಕೆ ಇದನ್ನು ಕಟ್ಟಿ ನೀರಿಗೆ ತಳ್ಳುತ್ತಾರೆ. ಒಳಗೆ ಟೊಳ್ಳಾದ್ದರಿಂದ ಅದು ಮುಳುಗುವುದಿಲ್ಲ, ಕಟ್ಟಿಕೊಂಡವರನ್ನೂ ಮುಳುಗಲು ಬಿಡುವುದಿಲ್ಲ. ಅತ್ತೆ ಬಾವಿಯ ಮೇಲಿನಿಂದ ತಲೆಕೆಳಗಾಗಿ ಹಾರುತ್ತಿದ್ದ ಗಟ್ಟಿ ಈಜುಗಾರ್ತಿ. ‘ನಿಂಗ್ಯಾಕೆ ಅತ್ತೆ ಬುರುಡೆ?’ ಅಂದರೆ, ‘ನಮ್ಮ ಬಾವಿ ನಂಬಿದಂಗೆ ಪರೂರಿನ ನೀರು ನಂಬೋಕಾಗ್ತದಾ?’ ಅಂದಳು.

ದೋಣಿಕಟ್ಟೆಯಲ್ಲಿ ಖಾಕಿ ಅಂಗಿ ತೊಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು ನಿಂತಿದ್ದವನನ್ನು ನೋಡಿದ ಕೂಡಲೇ ಅತ್ತೆ ನನ್ನ ಕೈ ಚಿವುಟಿದಳು. ಫೋಟೋದಲ್ಲಿದ್ದವನೇ. ಫೋಟೋಗಿಂತ ಕಪ್ಪು. ‘ಸ್ಟುಡಿಯೋದಲ್ಲಿ ಪೌಡರ್ ಹಾಕ್ಸಿದಾರೆ’ ಎಂದು ನನ್ನ ಮನಸ್ಸು ಮೊದಲ ಅಂಕವನ್ನು ಕಳೆಯಿತು.

ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಅವನು, ‘ಯಾರ ಹತ್ರಾನಾದ್ರೂ ಹಣ್ಣು ಇದ್ರೆ ದಯವಿಟ್ಟು ಇಲ್ಲೇ ಆಫೀಸಿನಲ್ಲಿ ಕೊಟ್ಟುಬಿಡಿ. ವಾಪಸ್ ಬರುವಾಗ ತಗೋಬಹುದು. ಆನೆಗೆ ವಾಸನೆ ಬಹಳ ದೂರದಿಂದ ಹತ್ತತ್ತೆ’ ಅಂದ.

ಗುಟ್ಟು ಎಂದ ಕೂಡಲೇ ನಮ್ಮ ತೌರಿನವರ ಬಾಯಿ ತಾನಾಗಿ ತೆಲುಗಿಗೆ ಹೊರಳುತ್ತದೆ. ಅತ್ತೆ ನನ್ನ ಕಿವಿಯ ಹತ್ತಿರ, ಆದರೆ ಅವಳ ಗಂಟಲಿಗೆ ತಕ್ಕಷ್ಟು ದೊಡ್ಡದಾಗಿ, ‘ಇಯ್ಯೊದ್ದೇ, ವೀಡೇ ತಿನೇಸ್ತಾಡು’ ಅಂದಳು. ಕೊಡಬೇಡ, ಇವನೇ ತಿಂದುಬಿಡುತ್ತಾನೆ ಎಂದು. ನಮ್ಮ ಹಣ್ಣಿಗೆ ಯಾರ್ಯಾರು ಯಾವ್ಯಾವ ನೆಪ ಹೇಳುತ್ತಾರೆಂಬುದು ನಮಗೆ ಗೊತ್ತಿಲ್ಲದ್ದೇ? ಪೊಲೀಸಿನವರಿಂದ ಹಿಡಿದು ಶಾಲೆ ಇನ್‌ಸ್ಪೆಕ್ಟರರವರೆಗೆ ಎಲ್ಲರೂ ತೋಪಿಗೆ ಬಂದು ಒಂದೊಂದು ನೆಪ ಹೇಳಿದವರೇ. ಆನೆಯ ನೆಪ ಹೊಸದು, ಅಷ್ಟೇ. ಟೇಕಲ್ಲಿನವನಿಗೂ ತೆಲುಗು ಬರುತ್ತದೆ ಎನ್ನುವುದು ಬುದ್ಧಿವಂತರಾದ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವನು ಬುಟ್ಟಿಯ ಕಡೆ ನೋಡಿ, ‘ಅದರಲ್ಲೇನಮ್ಮ?’ ಎಂದಾಗ ಅತ್ತೆ, ‘ಬಟ್ಟೆಬರೆ ಕಣಪ್ಪ’ ಅಂದಳು. ಅವನು ಒಂದು ಗಳಿಗೆ ನಿಂತು, ಸರಿ ಅಂದ.

ಆಮೇಲೆ ಅತ್ತೆ ಚೀಲದಿಂದ ಬುರುಡೆಗಳನ್ನು ತೆಗೆದು ಒಂದನ್ನು ನನ್ನ ಸೊಂಟಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದಳು. ಆ ಕಾಲದಲ್ಲಿ ಈಗಿನ ಹಾಗೆ ದೋಣಿ ಹತ್ತುವವರಿಗೆ ನೀರಲ್ಲಿ ತೇಲಿಸುವ ಕೇಸರಿ ಅಂಗಿ ಕೊಡುತ್ತಿರಲಿಲ್ಲ. ಬೆಂಗಳೂರಿನವರು ಕಿಸಕ್ಕೆಂದರು. ಒಬ್ಬಾಕೆಯಂತೂ ಗಂಡನ ಹೆಗಲಿಗೆ ಮುಖ ಒತ್ತಿಕೊಂಡು ನಕ್ಕಳು. ನನಗೆ ನೀರಿಗೆ ಹಾರಿಕೊಳ್ಳುವಷ್ಟು ನಾಚಿಕೆಯಾಯಿತು, ಹಾರಿದರೂ ಮುಳುಗುವ ಹಾಗಿರಲಿಲ್ಲ. ನಗದವನು ಮುನಿರಾಜು ಒಬ್ಬನೇ. ಅವನು ಬುರುಡೆಗಳನ್ನೇ ಬಹಳ ಹೊತ್ತು ನೋಡಿ, ‘ಕಟ್ಕೊಂಡಿರೋದು ಒಳ್ಳೇದೇ ಅಮ್ಮ’ ಅಂದ. ಇವನು ಯಾಕೆ ನಗಲಿಲ್ಲ ಎಂಬುದು ನನ್ನ ಮುಂದಿನ ಅನುಮಾನವಾಯಿತು.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಆದರೂ ಅಷ್ಟು ನೀರನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅತ್ತೆಯ ಮುಖ ಗಂಟಿಕ್ಕಿತು. ತುಂಬಿದ ನೀರು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

‘ಯಾವಾಗ್ಲೂ ಹಿಂಗೇ ತುಂಬಿರ್ತದೇನಪ್ಪ?’

‘ತುಂಬಿಲ್ಲಮ್ಮ, ಇದು ಇಳಿದಿರೋ ನೀರು. ಅಗೋ, ಆ ದಡದ ಮೇಲೆ ಕೆಂಪುಗೆರೆ ಕಾಣ್ತದಲ್ಲ, ಮಳೆಗಾಲದಲ್ಲಿ ಅಲ್ಲೀಗಂಟ ಬರ್ತದೆ. ವರ್ಷದಲ್ಲಿ ಇಷ್ಟು ಕಮ್ಮಿ ಇರೋದು ಈಗ್ಲೇ.’

ಅತ್ತೆ ಆ ಗೆರೆಯನ್ನೂ ಅವನನ್ನೂ ಬಾರಿಬಾರಿಗೂ ನೋಡಿದಳು. ಕಾಲ ಕೆಳಗೆ ಇಷ್ಟಿರುವ ನೀರನ್ನು ತುಂಬಿದೆ ಅಂದುಬಿಡಬಹುದಿತ್ತಲ್ಲ, ಯಾಕೆ ಇಲ್ಲ ಅಂದ ಎಂದು ನಾನು ಯೋಚಿಸುತ್ತಾ ಕುಳಿತೆ.

ಆ ಕಾಡಿನ ಸೊಬಗನ್ನು ನಾನು ವರ್ಣಿಸಲಾರೆ, ಯಾಕೆಂದರೆ ನಾನು ಕಾಡನ್ನು ನೋಡಲೇ ಇಲ್ಲ. ಎಲ್ಲರೂ ಮರದ ಮೇಲೆ ನೋಡುವಾಗ ನಾನು ಅವನ ಮುಖ ನೋಡುತ್ತಿದ್ದೆ. ಆಕಾಶ ಕಾಣದಂಥ ಮರಗಳು, ಹಗಲಲ್ಲೇ ಮಬ್ಬು, ಕಾಲಿಗೆ ಜಿಗಣೆ. ಜಿಗಣೆಯನ್ನು ಬಂಗಲೆಯವರೇ ಸಾಕಿ ಬಿಟ್ಟಿದ್ದಾರೆ, ಮುಲಾಮು ಮಾರುವುದಕ್ಕೆ, ಎನ್ನುವುದು ಅತ್ತೆಯ ಅಭಿಪ್ರಾಯ. ಬಂಗಲೆಯ ಮುಂದೆ ಮೇಯುತ್ತಿದ್ದ ಜಿಂಕೆಗಳನ್ನು ರಾತ್ರಿ ಒಳಗೆ ಕಟ್ಟಿಹಾಕುತ್ತಾರೆ ಎಂದೂ ಅವಳು ನಂಬಿದ್ದಳು. ಕುಡಿತದ ಅಭ್ಯಾಸವಿದೆಯೋ ಎಂದು ತಿಳಿಯಲು ಕಾಲುದಾರಿಯಲ್ಲಿ ಅವನ ಪಕ್ಕಕ್ಕೇ ಹೋಗಿ, ‘ಅದ್ಯಾವ ಮರಾಪ್ಪ?’ ಎಂದು ಬಾಯಿ ಬಿಡಿಸಿ ಮೂಸುತ್ತಿದ್ದಳು. ಒಂದು ಹಕ್ಕಿ ಕೂಗಿದರೆ ಸಾಕು, ಅವನು ಅದರ ಹೆಸರು ಹೇಳಿಬಿಡುತ್ತಿದ್ದ. ಯಾವ ಹಕ್ಕಿ ಬಂದು ನನ್ನ ಹೆಸರು ಅದಲ್ಲ ಅನ್ನುತ್ತದೆ ಎಂದು ನಾನು ಮೂಗು ಮುರಿದೆ. ಮಾರನೆಯ ದಿನ ಒಂದು ಕೂಗಿಗೆ, ‘ಇದು ನಂಗೆ ಗೊತ್ತಿಲ್ಲ’ ಅಂದ. ಪ್ರಾಮಾಣಿಕ ಅನ್ನಿಸಿಕೊಳ್ಳಲು ಬೇಕೆಂದೇ ಹೇಳುತ್ತಿದ್ದಾನೆ ಎಂದು ಅದನ್ನೂ ಬಿಡಲಿಲ್ಲ. ಒಬ್ಬ ಮನುಷ್ಯನನ್ನು ಈ ಪರಿ ಹಿಂಡಬಾರದು ಎಂದು ಈಗ ಅನ್ನಿಸುತ್ತದೆ. ಆದರೆ ಮಂಚದ ಮೇಲೆ ಮಲಗಿದಾಗ ಅತ್ತೆಯ ಬೆನ್ನು ನೆನಪಾಗುತ್ತಿತ್ತು. ಇನ್ನೂ ಹಿಂಡಬೇಕು ಅನ್ನಿಸುತ್ತಿತ್ತು.

ನಾನು ಹೀಗೆ ಹಿಂಡುತ್ತಿರುವಾಗ ಮಂಚದ ಕೆಳಗೆ ಹಣ್ಣು ತನ್ನ ಪಾಡಿಗೆ ತಾನು ಹದವಾಗುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಕೋಣೆಯ ಬಾಗಿಲು ತೆಗೆದರೆ ಶ್ರೀನಿವಾಸಪುರದ ಮಾವಿನ ಮಂಡಿಗೆ ಕಾಲಿಟ್ಟಂತಾಯಿತು. ಅತ್ತೆ ಸಂತೋಷದಿಂದ, ‘ನಾಳೆಗೆ ಸರಿಯಾಗ್ತದೆ’ ಅಂದಳು. ನಾಳೆಯವರೆಗೂ ಕಾಯಬೇಕಾಗಲಿಲ್ಲ. ಇಳಿಹೊತ್ತಿನಲ್ಲಿ ಎಲ್ಲರೂ ಜಗುಲಿಯಲ್ಲಿ ಟೀ ಕುಡಿಯುತ್ತಿರುವಾಗ ನೀರಿನ ಕಡೆಯಿಂದ ಒಂದು ಒಂಟಿ ಸಲಗ ಹತ್ತಿ ಬಂತು. ಎಲ್ಲರೂ ಖುಷಿಯಿಂದ ಎದ್ದು ನಿಂತರು. ಅದು ನಮ್ಮತ್ತ ನೋಡಲೂ ಇಲ್ಲ, ಮೊದಲೇ ವಿಳಾಸ ಕೊಟ್ಟ ಹಾಗೆ ನೆಟ್ಟಗೆ ನಮ್ಮ ಕೋಣೆಯ ಕಡೆ ನಡೆಯಿತು.

‘ಎಲ್ಲರೂ ಒಳಗೆ. ಓಡಬೇಡಿ, ನಡೀರಿ’ ಅಂದ ಮುನಿರಾಜು. ದನಿ ಏರಲಿಲ್ಲ. ಎಲ್ಲರನ್ನೂ ಊಟದ ಕೋಣೆಗೆ ಸೇರಿಸಿ, ತಾನು ಕಾವಲುಗಾರನ ಜೊತೆ ಡಬ್ಬ ಬಡಿಯುತ್ತಾ ಹೊರಗೆ ನಿಂತ. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಆನೆ ಡಬ್ಬದ ಸದ್ದಿಗೆ ಒಮ್ಮೆ ತಿರುಗಿ ಅವನ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ನಾವು ನೋಡಲು ಬಂದ ಗಂಡು ನನ್ನ ಕಣ್ಣೆದುರಿಗೇ, ನಮ್ಮ ಹಣ್ಣಿನಿಂದಲೇ ಸಾಯುತ್ತಾನೆ ಅಂದುಕೊಂಡೆ. ಆನೆ ಮನಸ್ಸು ಬದಲಿಸಿತು. ನಮ್ಮ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು, ಸೊಂಡಿಲು ತೂರಿಸಿ, ಹಳೆಯ ಸೀರೆಯ ಜೊತೆ ಬುಟ್ಟಿಯನ್ನು ಹೊರಗೆಳೆದು, ನಿಂತಲ್ಲೇ ಒಂದೊಂದಾಗಿ ತಿಂದು ಹೋಯಿತು. ಅದು ಒತ್ತಿಯೂ ನೋಡಲಿಲ್ಲ, ಬೆಳಕಿಗೆ ತಿರುಗಿಸಿಯೂ ನೋಡಲಿಲ್ಲ.

ಬಂಗಲೆಯ ಮ್ಯಾನೇಜರು ಬಂದು, ‘ಹಣ್ಣು ತಂದವರು ಯಾರು?’ ಎಂದು ಗುಡುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅತ್ತೆ ತನ್ನ ಸೆರಗನ್ನು ಮೂಸಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಮುನಿರಾಜು, ‘ದೋಣಿ ಹತ್ತಿಸುವಾಗ ನಾನು ಸರಿಯಾಗಿ ನೋಡ್ಲಿಲ್ಲ ಸಾರ್. ತಪ್ಪು ನಂದು’ ಅಂದ. ಎಲ್ಲರ ಎದುರಿಗೆ ಮ್ಯಾನೇಜರು ಅವನಿಗೆ ಮಂಗಳಾರತಿ ಮಾಡಿದರು. ಅತ್ತೆ ಆವತ್ತು ಹುರಿಹಿಟ್ಟನ್ನೂ ಮುಟ್ಟಲಿಲ್ಲ.

ನನಗೆ ಮಾತ್ರ ನಿದ್ದೆ ಕೆಡಿಸಿದ್ದು ಹೊಸ ಅನುಮಾನ. ಬೆಳಿಗ್ಗೆ ವಾಪಸು ಹೊರಡುವ ಮುಂಚೆ ಅವನು ದೋಣಿಯ ಹತ್ತಿರ ಒಬ್ಬನೇ ಇದ್ದ. ಸೀದಾ ಹೋಗಿ ಕೇಳಿದೆ.

‘ಹಣ್ಣು ತಂದಿದ್ದು ನಾವು ಅಂತ ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು. ಆ ಬುರುಡೆ, ಆ ವಾಸನೆ, ಎಲ್ಲಾ ನಮ್ಮ ಕಡೇದೇ ಅಲ್ವಾ. ತೆಲುಗೂ ಅರ್ಥ ಆಯ್ತು.’ ದೋಣಿಯ ಹಗ್ಗ ಬಿಚ್ಚುತ್ತಾ ಸೇರಿಸಿದ. ‘ಶ್ರೀನಿವಾಸಪುರದಿಂದ ನಮ್ಮನೇಗೆ ಸಂಬಂಧ ಬಂದಿರೋದೂ ಗೊತ್ತಿತ್ತು.’

ಆದರೂ ನಾನು ಬಿಡಲಿಲ್ಲ. ‘ಗೊತ್ತಿದ್ದೂ ಯಾಕೆ ಬುಟ್ಟಿ ಬಿಚ್ಚಿಸಲಿಲ್ಲ?’

‘ಬಿಚ್ಚಿಸಿದ್ರೆ ನಿಮ್ಮತ್ತೆ ಅಲ್ಲಿಂದಲೇ ವಾಪಸ್ ಹೋಗ್ತಿದ್ರು. ಹೆಣ್ಣಿನ ಕಡೆಯವರು ಅಂತ ಹೆದರಿಬಿಟ್ಟೆ.’

‘ನಿಮ್ಮ ಹೆದರಿಕೆಗೆ ಯಾರಾದ್ರೂ ಸತ್ತಿದ್ರೆ?’

‘ಹೌದು’ ಅಂದ. ‘ನಾನು ಮಾಡಿದ್ದು ತಪ್ಪೇ. ಅದನ್ನೇ ಸಾರ್‌ಗೆ ಹೇಳಿದ್ದು, ನಿಮ್ಮನ್ನ ಉಳಿಸೋಕೆ ಅಂತ ಅಲ್ಲ.’

ನಾನು ಸಿದ್ಧಮಾಡಿಕೊಂಡು ಬಂದಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ನಮ್ಮ ಮನೆಯಲ್ಲಿ, ಅತ್ತೆಯ ಗಂಡನ ಮನೆಯಲ್ಲಿ, ನಾನು ಕಂಡ ಯಾವ ಮನೆಯಲ್ಲೂ ಒಬ್ಬ ಗಂಡಸು ಹೆದರಿದೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ.

‘ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?’ ಎಂದೆ, ಅಂಗೈ ಬಿಚ್ಚಿಸುವ ಮೇಡಂ ದನಿಯಲ್ಲೇ.

ಅವನು ನೀರಿನ ಕಡೆ ನೋಡಿದ. ‘ನಂಗೆ ಈಜು ಬರಲ್ಲ.’

‘ಏನು?’

‘ನಮ್ಮೂರ ಕೆರೇಲಿ ನಾವು ಕ್ರಿಕೆಟ್ ಆಡ್ತಿದ್ವಿ. ಎಲ್ಲಿ ಕಲೀಲಿ? ಕೆಲಸಕ್ಕೆ ಸೇರುವಾಗ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ದಿನಾ ಈ ನೀರು ದಾಟುವಾಗ ಪ್ರಾಣ ಕೈಯಲ್ಲಿರ್ತದೆ. ಮೊನ್ನೆ ನಿಮ್ಮ ಸೊಂಟದಲ್ಲಿ ಬುರುಡೆ ನೋಡಿ ನಗು ಬರಲಿಲ್ಲ, ಹೊಟ್ಟೆಕಿಚ್ಚಾಯ್ತು.’

ನಾನು ನಕ್ಕೆ. ಮೂರು ದಿನದಲ್ಲಿ ಮೊದಲ ಸಲ ಅವನ ಮುಖ ನೋಡದೆ, ಕಣ್ಣು ಮುಚ್ಚಿಕೊಂಡು ನಕ್ಕೆ. ಅವನನ್ನು ಬಿಟ್ಟುಹೋಗುವುದಕ್ಕೆ ನನಗೆ ಮನಸ್ಸಿಲ್ಲ ಎಂದು ಆಗಲೇ ಗೊತ್ತಾಯಿತು.

ಕೋಣೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು ಕಿತ್ತುಹೋದ ಕಿಟಕಿಯನ್ನು ನೋಡುತ್ತಾ ಕೇಳಿಸಿಕೊಂಡಳು. ದೋಣಿ ಹತ್ತುವ ಹೊತ್ತಿಗೆ ನನ್ನ ಸೊಂಟಕ್ಕೆ ಬುರುಡೆ ಕಟ್ಟಿದಳು. ತನ್ನದನ್ನು ಕೈಯಲ್ಲಿ ಹಿಡಿದುಕೊಂಡು ಸೀದಾ ಅವನ ಹತ್ತಿರ ಹೋದಳು.

‘ಕೈ ಎತ್ತಪ್ಪ’ ಅಂದಳು.

ಅವನು ಎತ್ತಿದ. ಅತ್ತೆ ಖಾಕಿ ಅಂಗಿಯ ಮೇಲೆ ಹಗ್ಗ ಸುತ್ತಿ, ಎರಡು ಗಂಟು ಹಾಕಿ, ಜಗ್ಗಿ ನೋಡಿದಳು. ಬೆಂಗಳೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೋಣಿ ಆಚೆ ದಡ ಮುಟ್ಟುವವರೆಗೂ ಅವನು ಅದನ್ನು ಬಿಚ್ಚಲಿಲ್ಲ. ಇಳಿದ ಮೇಲೆ ವಾಪಸು ಕೊಡಲು ಬಂದರೆ ಅತ್ತೆ, ‘ನಿನ್ನತ್ರಾನೇ ಇರ್ಲಿ’ ಅಂದಳು. ನಮ್ಮ ನಡುಮನೆಯ ಮೊಳೆಗೆ ನೇತುಬಿದ್ದಿರುವುದು ಅದೇ. ಅದರ ಯಜಮಾನರು ಆಮೇಲೆ ಕಾಡು ಬಿಟ್ಟು ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದರು. ಊರವರಿಗೆಲ್ಲ ತಂಬೂರಿಯ ಕಥೆ ಹೇಳುತ್ತಾ ಓಡಾಡುತ್ತಾರೆ. ಈಜು ಇವತ್ತಿಗೂ ಬರುವುದಿಲ್ಲ.

ಊರು ಮುಟ್ಟಿದ ದಿನ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಅತ್ತೆ ಚೀಲ ಕೆಳಗಿಡುವುದಕ್ಕೂ ಬಿಡದೆ, ‘ಹೆಂಗಕ್ಕ ಹುಡುಗ?’ ಅಂದರು.

‘ಈಜು ಬರಲ್ಲ’ ಅಂದಳು ಅತ್ತೆ.

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ‘ಮತ್ತೆ? ಏನು ಹೇಳಿ ಕಳಿಸೋದು ಅವರಿಗೆ?’

ಅತ್ತೆ ಕಾಲು ತೊಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗುತ್ತಾ ಹೇಳಿದಳು.

‘ನೀರು ಇಳಿದಾಗ ನೋಡ್ಕೊಂಡು ಬಂದಿದ್ದೀನಿ ಕಣೋ. ಕೊಡು.’